ಚಾನ್‌ದೋನ ಕೈಗುರುತು

ಮಾ ಚಾನ್‌ದೋ ಮುಟ್ಟಿದ ಡಿಫರೆನ್ಷಿಯಲ್ಲು ಸದ್ದು ಮಾಡುವುದಿಲ್ಲ ಎಂಬ ಮಾತು ಸಿಯೋಲ್‌ನ ಚಾಂಗನ್‌ಪ್ಯೊಂಗ್ ಪೇಟೆಯಲ್ಲಿ ಒಂದು ಕಾಲಕ್ಕೆ ಇತ್ತು. ಆ ಮಾತು ಹುಟ್ಟಿಸಿದವರೂ ಪೇಟೆಯವರೇ, ಆಮೇಲೆ ಅದರ ಮೇಲೆ ಉಗಿದವರೂ ಪೇಟೆಯವರೇ. ಹೊಗಳುವ ನಾಲಿಗೆಗೂ ತೆಗಳುವ ನಾಲಿಗೆಗೂ ಮೂಳೆ ಇಲ್ಲ, ಬಾಡಿಗೆಯಂತೂ ಇಲ್ಲವೇ ಇಲ್ಲ.

ಹಳೆಯ ಗಾಡಿಗಳನ್ನು ಬಿಚ್ಚಿ, ಬಿಚ್ಚಿದ್ದನ್ನು ತೊಳೆದು, ತೊಳೆದದ್ದನ್ನು ಮಾರುವ ಪೇಟೆ ಅದು. ಒಂದು ಮಳಿಗೆಯಲ್ಲಿ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ದೀಪ. ಚಾನ್‌ದೋನ ಮಳಿಗೆಯಲ್ಲಿ ಲಾರಿಯ ಹಿಂಭಾಗ: ಗೇರ್‌ಬಾಕ್ಸಿನಿಂದ ಹೊರಟು ಲಾರಿಯ ಹೊಟ್ಟೆಯಡಿ ಉದ್ದಕ್ಕೆ ತಿರುಗುವ ಶಾಫ್ಟು, ಆ ಶಾಫ್ಟು ಹೋಗಿ ಸೇರುವ ಕುಂಬಳಕಾಯಿಯಂಥ ಡಿಫರೆನ್ಷಿಯಲ್ಲು, ಅದರ ಎರಡು ಮಗ್ಗುಲಿನಿಂದ ಚಕ್ರಗಳಿಗೆ ಚಾಚಿದ ಆಕ್ಸಲ್ಲು. ಎಂಜಿನ್ ರಿಪೇರಿಯವರಿಗೆ ಪೇಟೆಯಲ್ಲಿ ಭಾರಿ ಗತ್ತು. ತಮ್ಮನ್ನು ತಾವೇ ‘ಹಾರ್ಟ್ ಡಾಕ್ಟರು’ ಎಂದು ಕರೆದುಕೊಳ್ಳುತ್ತಿದ್ದರು. ಚಾನ್‌ದೋನನ್ನು ‘ಮೂಲವ್ಯಾಧಿ ಡಾಕ್ಟರು’ ಎನ್ನುತ್ತಿದ್ದರು.

"ನಿಮ್ಮ ಹಾರ್ಟು ಎಷ್ಟು ಬೇಕಾದ್ರೂ ಬಡ್ಕೊಳ್ಲಿ," ಎನ್ನುತ್ತಿದ್ದ ಅವನು, ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸುತ್ತ. "ಹಿಂದಿಂದು ತಿರುಗ್ಲಿಲ್ಲ ಅಂದ್ರೆ ಬಂಡಿ ನಿಂತಲ್ಲೇ ನಿಂತು ಹೂಸು ಬಿಡ್ತಿರುತ್ತೆ ಅಷ್ಟೆ."

ಅವನು ಹುಟ್ಟಿದ್ದು ಪೂರ್ವ ಕರಾವಳಿಯ ಜುಮುಂಜಿನ್ ಬಂದರಿನಲ್ಲಿ, ಮೀನುಗಾರನ ಮಗನಾಗಿ. ಹುಟ್ಟಿದ್ದಷ್ಟೇ ಬಂತು, ದೋಣಿ ಹತ್ತಿದರೆ ವಾಂತಿ. ಬಂದರಿಗೆ ಬಂದರೇ ನಗುತ್ತಿತ್ತು. ನಗುತ್ತಿದ್ದ ಅಪ್ಪ ಒಂದು ಚಳಿಗಾಲ ದೋಣಿಯ ಸಮೇತ ವಾಪಸು ಬರಲಿಲ್ಲ. ಅವನ ಹಿಂದೆಯೇ ಅಮ್ಮನೂ ಹೋದಳು. ಉಳಿದದ್ದು ಚಾನ್‌ದೋ ಮತ್ತು ತಂಗಿ ಮಾಲ್‌ಸುನ್. ಮಾಲ್‌ಸುನ್ ಎಂದರೆ ಕಡೆಯವಳು. ಹೆಣ್ಣು ಇನ್ನು ಸಾಕು ಎಂದು ಅಪ್ಪ ಸಿಟ್ಟಿನಲ್ಲಿ ಇಟ್ಟ ಹೆಸರು. ಆ ಕಡೆಯವಳೇ ಚಾನ್‌ದೋನಿಗೆ ಮೊದಲನೆಯವಳೂ ಆದಳು, ನಡುವಿನವಳೂ ಆದಳು. ಅವನು ಸೈನ್ಯದ ಲಾರಿ ಶೆಡ್ಡಿನಲ್ಲಿ ಕಸುಬು ಕಲಿತು, ಸಿಯೋಲ್‌ಗೆ ಬಂದು, ಅವಳನ್ನು ಅಜ್ಜಿಯ ಮನೆಯಲ್ಲಿ ಓದಿಸಿದ. ಅವಳು ಓದು ಬಿಟ್ಟು ಬಂದರಿನಲ್ಲಿ ಬಲೆ ಹೆಣೆಯಲು ಕೂತಾಗ ಬೈದ, ಆಮೇಲೆ ಸುಮ್ಮನಾದ. ಮದುವೆಯ ಮಾತು ತಂದವರಿಗೆಲ್ಲ, "ಮೊದಲು ಅವಳದಾಗ್ಲಿ" ಎಂದ. ಅವಳದಾದ ಮೇಲೆ ಇವನಿಗೆ ಹೆಣ್ಣು ತರುವವರು ಯಾರೂ ಉಳಿದಿರಲಿಲ್ಲ.

ಮಾಲ್‌ಸುನ್ ಎಡಚಿ. ಅವಳು ಹಾಕಿದ ಬಲೆಗಂಟು ಉಳಿದವರ ಗಂಟಿಗೆ ತಿರುಗುಮುರುಗು. ಬಂದರಿನಲ್ಲಿ ಯಾವ ಬಲೆ ಹರಿದು ಬಂದರೂ, "ಇದು ಎಡಚಿ ಗಂಟು, ಇದೊಂದು ಬಿಚ್ಚಿಲ್ಲ ನೋಡಿ" ಎಂದು ಮೀನುಗಾರರು ತೋರಿಸುತ್ತಿದ್ದರು. ಅಣ್ಣನಿಗೂ ಅದರಲ್ಲಿ ಹೆಮ್ಮೆ.

ಅವಳನ್ನು ಮದುವೆಯಾದವನು ಲಾರಿ ಡ್ರೈವರ್ ಯೋಂಗ್‌ಬೇ. ಊಟ ಕಂಡರೆ ಬಿಡದವನು, ನಗು ಕಂಡರೂ ಬಿಡದವನು. ಮದುವೆ ಮುಗಿಸಿ ಬಾಡಿಗೆ ಲಾರಿಯಲ್ಲಿ ಮದುಮಗಳ ಪೆಟ್ಟಿಗೆ, ಹಾಸಿಗೆ ಹೇರಿಕೊಂಡು ಬರುವಾಗ ದಾರಿಯಲ್ಲಿ ಫ್ಯಾನ್ ಬೆಲ್ಟು ಪಟ್ಟೆಂದು ಹರಿಯಿತು. ಎಂಜಿನ್ನಿನ ಶಕ್ತಿಯನ್ನು ಫ್ಯಾನಿಗೂ ನೀರಿನ ಪಂಪಿಗೂ ದಾಟಿಸುವುದು ಆ ರಬ್ಬರ್ ಪಟ್ಟಿ. ಅದಿಲ್ಲದಿದ್ದರೆ ಎಂಜಿನ್ನು ಕುದಿದು ಸಾಯುತ್ತದೆ. ಸುತ್ತ ಹೊಲ, ಒಂದು ನರಪಿಳ್ಳೆ ಇಲ್ಲ. ಚಾನ್‌ದೋ ಕೆಳಗಿಳಿದು ನೋಡಿ, ತಂಗಿಯ ಕಡೆ ಕೈ ಚಾಚಿದ.

"ಕಾಲುಚೀಲ ಬಿಚ್ಚು."

"ಏನು?"

"ಆ ಉದ್ದನೆ ನೈಲಾನ್ ಕಾಲುಚೀಲ ಕಣೇ. ಬಿಚ್ಚಿ ಕೊಡು."

"ಅಣ್ಣಾ! ಮದುವೆ ದಿನ!"

"ಭಾವ, ಮೊದಲನೇ ದಿನಾನೇ ನನ್ನ ಹೆಂಡ್ತಿ ಬಟ್ಟೆ ನೀವು ಬಿಚ್ಚಿಸ್ತಿದೀರಲ್ಲ," ಎಂದ ಯೋಂಗ್‌ಬೇ.

ಚಾನ್‌ದೋ ಅದನ್ನು ಬೆಲ್ಟಿನ ಜಾಗದಲ್ಲಿ ಎಳೆದು ಬಿಗಿದು ಗಂಟು ಹಾಕಿದ. ಹತ್ತಿಯದಾಗಿದ್ದರೆ ಒಂದು ಮೈಲಿಗೆ ಚಿಂದಿಯಾಗುತ್ತಿತ್ತು. ನೈಲಾನು ಬಂದರಿನ ತನಕ ಎಳೆಯಿತು. ಮನೆಯ ಮುಂದೆ ಇಳಿದಾಗ ಚಾನ್‌ದೋ ಉಬ್ಬಿಹೋಗಿದ್ದ. "ನೋಡ್ದಾ ತಂಗಿ, ನಿನ್ನ ನೈಲಾನು ನಿನ್ನ ಗಂಡನ್ನ ಮನೆ ಮುಟ್ಟಿಸ್ತು. ನೈಲಾನ್ ಅಂದ್ರೆ ಆಯಸ್ಸು ಗಟ್ಟಿ," ಎಂದ. ಕುಡಿದ ಮತ್ತಿನಲ್ಲಿ ಆಡಿದ ಮಾತು. ಅವನು ಅವತ್ತೇ ಮರೆತ. ಅವಳು ಮರೆಯಲಿಲ್ಲ.

ಸಿಯೋಲ್‌ನಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಯೋಂಗ್‌ಬೇ ಸ್ವಂತಕ್ಕೊಂದು ಹಳೆಯ ಲಾರಿ ಕೊಂಡ. ಬಂದರಿನಿಂದ ಮ್ಯೊಂಗ್‌ತೆ ಮೀನು ಹೇರಿಕೊಂಡು ದೇಗ್ವಾಲ್ಯೊಂಗ್ ಘಾಟಿ ಹತ್ತುವುದು, ಮೇಲಿನ ಹಿಮದ ಬಯಲಿನಲ್ಲಿ ಅದನ್ನು ಒಣಹಾಕುವವರಿಗೆ ಇಳಿಸುವುದು, ಒಣಗಿದ್ದನ್ನು ಹೇರಿಕೊಂಡು ಘಾಟಿ ಇಳಿಯುವುದು. ಆ ಘಾಟಿಗೆ ತೊಂಬತ್ತೊಂಬತ್ತು ತಿರುವು ಎಂದು ಅಲ್ಲಿಯವರು ಹೇಳುತ್ತಾರೆ. ಎಣಿಸಿದವರನ್ನು ಕಂಡವರಿಲ್ಲ.

ಲಾರಿಯ ಹಿಂದಿನ ಆಕ್ಸಲ್ಲನ್ನು ಚಾನ್‌ದೋ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟ, ಅಣ್ಣನ ಉಡುಗೊರೆ ಎಂದು. ಮಳಿಗೆಗೆ ಬಂದಿದ್ದ ಮಾಲ್‌ಸುನ್ ಆ ಹಲ್ಲುಗಳ ರಾಶಿ ನೋಡಿ, "ಇದೆಲ್ಲ ಯಾಕಣ್ಣ? ಶಾಫ್ಟು ತಿರುಗುತ್ತೆ, ಚಕ್ರ ತಿರುಗ್ಬಾರ್ದಾ?" ಎಂದು ಕೇಳಿದಳು. ಅವನು ಒಂದು ಕಬ್ಬಿಣದ ಕೊಳವೆ ತಂದು ಒಂದು ತುದಿ ಅವಳ ಕೈಗೆ, ಇನ್ನೊಂದು ತುದಿ ಯೋಂಗ್‌ಬೇಯ ಕೈಗೆ ಕೊಟ್ಟ.

"ಇಬ್ರೂ ಹಿಡ್ಕೊಂಡು ಆ ಕಂಬ ಸುತ್ತಿ ಬನ್ನಿ. ಹೆಜ್ಜೆಗೆ ಹೆಜ್ಜೆ, ಒಂದೇ ಸಮ. ಹೆಚ್ಚಿಲ್ಲ, ಕಡಿಮೆ ಇಲ್ಲ."

ಕಂಬದ ಹತ್ತಿರ ಮಾಲ್‌ಸುನ್, ಹೊರಗಡೆ ಯೋಂಗ್‌ಬೇ. ತಿರುವು ಬಂದ ಕೂಡಲೇ ಅವಳು ನಿಂತಲ್ಲೇ ಕುಪ್ಪಳಿಸಬೇಕಾಯಿತು, ಅವನು ಓಡಬೇಕಾಯಿತು. ಓಡಬೇಡ ಎಂದು ಚಾನ್‌ದೋ ಗದರಿದ್ದಕ್ಕೆ ಇಬ್ಬರೂ ತಡವರಿಸಿ ಒಬ್ಬರ ಮೇಲೊಬ್ಬರು ಬಿದ್ದರು.

"ಅಷ್ಟೇ ವಿಷಯ," ಎಂದ ಚಾನ್‌ದೋ. "ಒಳಗಿನ ಚಕ್ರದ ದಾರಿ ಗಿಡ್ಡ, ಹೊರಗಿಂದಕ್ಕೆ ಉದ್ದ. ಇಬ್ರನ್ನೂ ಒಂದೇ ಕೋಲಿಗೆ ಬಿಗಿದ್ರೆ ಬೀಳ್ತಾರೆ. ಇದರೊಳಗಿರೋ ಈ ಪುಟಾಣಿ ಹಲ್ಲುಚಕ್ರಗಳು ಏನ್ಮಾಡ್ತವೆ ಅಂದ್ರೆ, ನೀನು ನಿಧಾನ ಬಾರವ್ವ, ನೀನು ಬೇಗ ಹೋಗಪ್ಪ, ಆದ್ರೆ ಭಾರ ಮಾತ್ರ ಇಬ್ರೂ ಸಮ ಎಳೀರಿ ಅಂತವೆ. ನಿಮ್ಮ ಸಂಸಾರಕ್ಕೂ ಒಂದು ಕೂರಿಸ್ಕೊಡ್ಲಾ?"

"ಭಾವ, ಅದಕ್ಕೆ ಆಯಿಲ್ಲು ಯಾವ್ದು?"

"ಬಾಯಿ ಮುಚ್ಕೊಂಡಿರೋದು."

ಡಿಫರೆನ್ಷಿಯಲ್ಲಿನ ಪ್ರಾಣ ಇರುವುದು ಅದರ ಎಣ್ಣೆಯಲ್ಲಿ. ಶಾಫ್ಟು ಒಳಹೊಗುವ ಬಾಯಿಯಲ್ಲಿ ಒಂದು ರಬ್ಬರಿನ ಸೀಲು ಇರುತ್ತದೆ, ಒಳಗಿನ ಎಣ್ಣೆ ಹೊರಗೆ ಹೋಗದಂತೆ ತಡೆಯಲು. ಸೀಲಿನ ತುಟಿ ಒಂದಿಷ್ಟು ಓರೆಯಾದರೂ, ಹರಿದರೂ ಎಣ್ಣೆ ಹನಿಹನಿಯಾಗಿ ಸೋರಿ, ಬೇರಿಂಗು ಒಣಗಿ, ಕಾದು, ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಓಡುತ್ತಿರುವ ಲಾರಿಯ ಹಿಂದಿನ ಚಕ್ರಗಳು ಒಮ್ಮೆಗೇ ನಿಂತವು ಎಂದೇ ಲೆಕ್ಕ. ಚಾನ್‌ದೋ ಹೊಸ ಸೀಲು ತಂದು, ಮೂರು ಸಲ ನೋಡಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದ. ಬೇರಿಂಗನ್ನು ಬೀಸುಕಲ್ಲು ತಿರುಗುವಷ್ಟೇ ಬಿಗಿ ಮಾಡಿದ. ಕೊನೆಗೆ ಇದನ್ನೆಲ್ಲ ಮುಚ್ಚುವ ಹೊರಚಿಪ್ಪಿನ, ಅಂದರೆ ಹೌಸಿಂಗಿನ ಮೇಲೆ ಉಳಿಯಿಂದ ಮೂರು ಚುಕ್ಕೆ ಹೊಡೆದ. ಅದು ಅವನ ಕೈಗುರುತು. ಪೇಟೆಯಲ್ಲಿ ಆಕ್ಸಲ್ಲು ಕಟ್ಟುವ ಪ್ರತಿಯೊಬ್ಬನಿಗೂ ಒಂದೊಂದು ಗುರುತು. ಮುಂದೆ ಹೆಸರು ಬಂದರೂ ಅವನಿಗೇ, ಬೈಗುಳ ಬಂದರೂ ಅವನಿಗೇ.

ಹೊಸದಾಗಿ ಕೊಂಡ ಗಾಡಿಗೆ ಪೂಜೆಯಾಯಿತು. ಹಂದಿಯ ತಲೆ ಇಟ್ಟು, ಅಕ್ಕಿಯ ಹೆಂಡವನ್ನು ನಾಲ್ಕೂ ಕಡೆ ಚಕ್ರಗಳಿಗೆ ಸುರಿದು, ಎಲ್ಲರೂ ಅಡ್ಡಬಿದ್ದರು. ಬಾಯಿ ತೆರೆದ ಒಣ ಮ್ಯೊಂಗ್‌ತೆ ಮೀನಿಗೆ ಬಿಳಿ ದಾರದ ಲಡಿ ಸುತ್ತಿ ಡ್ರೈವರ್ ಸೀಟಿನ ಮುಂದೆ ತೂಗುಹಾಕಿದರು. ಮೀನು ಕಣ್ಣುಮುಚ್ಚದೆ ಕೇಡನ್ನು ಕಾಯುತ್ತದೆ, ದಾರ ಆಯಸ್ಸನ್ನು ಉದ್ದ ಮಾಡುತ್ತದೆ. ಹಾಗೆ ಕಾಯುತ್ತಿದ್ದ ಮೀನನ್ನು ಯೋಂಗ್‌ಬೇ ವಾರದೊಳಗೆ ತಿಂದುಬಿಟ್ಟ.

ಆ ವಿಷಯ ಮಾಲ್‌ಸುನ್ ಫೋನಿನಲ್ಲಿ ಅಳುತ್ತ ಹೇಳಿದಳು. ಚಾನ್‌ದೋ ಬಿದ್ದು ಬಿದ್ದು ನಕ್ಕ.

"ನಗ್ತೀಯಲ್ಲ ಅಣ್ಣ! ದೇವರಿಗಿಟ್ಟ ಮೀನು! ಸೋಜು ಕುಡಿಯೋವಾಗ ನೆಂಚ್ಕೊಳ್ಳೋಕೆ ಏನೂ ಇರ್ಲಿಲ್ಲವಂತೆ!"

"ಅವನ ಹೊಟ್ಟೇಲಿ ಕೂತೇ ಕಾಯುತ್ತೆ ಬಿಡೇ."

"ಇರ್ಲಿ. ಇನ್ನೊಂದು ಕಟ್ತೀನಿ. ಆ ಹೊಟ್ಟೆಬಾಕನ ಕೈಗೆ ಸಿಗದ ಕಡೆ ಕಟ್ತೀನಿ."

ಎಲ್ಲಿ ಎಂದು ಚಾನ್‌ದೋ ಕೇಳಲಿಲ್ಲ. ನಗುತ್ತಲೇ ಫೋನ್ ಇಟ್ಟ.

ವರ್ಷಗಳು ಕಳೆದವು. ಮಾಲ್‌ಸುನ್‌ಳ ಮಗ ಜಿನ್‌ಗು ಬೆಳೆದು ಸೈನ್ಯಕ್ಕೆ ಹೋದ. ಚಳಿಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ, ಒಣಮೀನು ಹೇರಿಕೊಂಡು ಇಳಿಯುತ್ತಿದ್ದ ಯೋಂಗ್‌ಬೇಯ ಲಾರಿಯ ಹಿಂದಿನ ಚಕ್ರಗಳು ಘಾಟಿಯ ತಿರುವೊಂದರಲ್ಲಿ ಇದ್ದಕ್ಕಿದ್ದಂತೆ ನಿಂತುಹೋದವು. ಒದ್ದೆ ರಸ್ತೆ. ಲಾರಿ ಅಡ್ಡ ತಿರುಗಿ, ಕಟ್ಟೆ ಒಡೆದು, ಕೆಳಗೆ ಹೋಯಿತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್, ಬ್ರೇಕ್ ದೀಪ ಹತ್ತಲೇ ಇಲ್ಲ, ಚಕ್ರ ತಾವಾಗಿಯೇ ನಿಂತವು ಎಂದು ಪೊಲೀಸರಿಗೆ ಹೇಳಿದ. ಅವರು ಲಾರಿಯನ್ನು ನೋಡಿ, "ಹಿಂದಿನ ಡಿಫರೆನ್ಷಿಯಲ್ ಜಾಮ್" ಎಂದರು. ಅದಕ್ಕಿಂತ ಹೆಚ್ಚು ಯಾರೂ ನೋಡಲಿಲ್ಲ. ಸತ್ತವನೂ ಡ್ರೈವರೇ, ಗಾಡಿಯೂ ಅವನದೇ, ಇನ್ನು ಯಾರನ್ನು ಹಿಡಿಯುವುದು?

ಹಿಡಿಯುವುದಕ್ಕೆ ಒಬ್ಬ ಇದ್ದ. ಸಾವಿನ ಮನೆಗೆ ಕಪ್ಪು ಕೋಟು ಹಾಕಿಕೊಂಡು ಬಂದ ಚಾನ್‌ದೋ ಫೋಟೋದ ಮುಂದೆ ಮಂಡಿಯೂರುವ ಮೊದಲೇ ಮಾಲ್‌ಸುನ್ ಎದ್ದು ನಿಂತಳು. ಎಲ್ಲರ ಎದುರಿಗೇ ಕೇಳಿದಳು.

"ಆ ಡಿಫರೆನ್ಷಿಯಲ್ಲು ಯಾರು ಕಟ್ಟಿದ್ದು, ಅಣ್ಣ?"

ಅವನು ಫೋಟೋದ ಕಡೆ ನೋಡಿದ.

"ಯಾರ ಕೈಗುರುತು ಇರೋದು ಅದರ ಮೇಲೆ? ಹೇಳು. ಇವರೆಲ್ಲ ಕೇಳ್ಲಿ."

"ನಂದು," ಎಂದ ಚಾನ್‌ದೋ.

"ಹಾಗಾದ್ರೆ ಅಳ್ಬೇಡ. ನಿಂಗೆ ಅಳೋ ಹಕ್ಕಿಲ್ಲ."

ಸಿಯೋಲ್‌ಗೆ ವಾಪಸು ಬಂದವನು ಮೊದಲಿನ ಚಾನ್‌ದೋ ಅಲ್ಲ. ಸುದ್ದಿ ಅವನಿಗಿಂತ ಮುಂಚೆ ಪೇಟೆ ಮುಟ್ಟಿತ್ತು. ತಂಗಿಯ ಗಂಡನ ಗಾಡಿಯನ್ನೇ ನೆಟ್ಟಗೆ ಕಟ್ಟದವನು ನಮ್ಮದನ್ನೇನು ಕಟ್ಟಿಯಾನು ಎಂದು ಗಿರಾಕಿಗಳು ಪಕ್ಕದ ಮಳಿಗೆಗೆ ಸರಿದರು. ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಹಾರ್ಟ್ ಡಾಕ್ಟರುಗಳು ಮಾತ್ರ ಪಾಪ, ತಮಾಷೆ ನಿಲ್ಲಿಸಿದರು. ಅದು ಇನ್ನೂ ಕೆಟ್ಟದಾಗಿತ್ತು.

ಗಿರಾಕಿ ಹೋದದ್ದಕ್ಕೆ ಅವನು ಕೊರಗಲಿಲ್ಲ. ಕೊರಗಿದ್ದು ಸೀಲಿಗೆ. ಆ ದಿನ ಸೀಲು ಕೂರಿಸಿದ್ದನ್ನು ಅವನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೂರಿಸಿದ. ಮೂರು ಸಲ ನೋಡಿದೆನೆ, ಎರಡೇ ಸಲವೆ? ತಟ್ಟುವಾಗ ಯೋಂಗ್‌ಬೇ ಏನೋ ಹೇಳಿ ನಗಿಸಿದ್ದ. ಆ ನಗುವಿನಲ್ಲಿ ಸುತ್ತಿಗೆ ಓರೆಯಾಯಿತೆ? ಮೊದಮೊದಲು ಸೀಲು ನೆಟ್ಟಗೆ ಕೂತಿತ್ತು ಎಂದು ನೆನಪಾಗುತ್ತಿತ್ತು. ಎಷ್ಟೋ ಸಲ ನೆನೆದ ಮೇಲೆ ಓರೆಯಾಗಿ ಕೂತದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಾಗತೊಡಗಿತು. ಮೀನಿನ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಕೂತವನು ಸಾರು ತಣ್ಣಗಾಗುವ ತನಕ ಬೆರಳಿನಿಂದ ಬಟ್ಟಲಿನ ಅಂಚನ್ನು ತಡವುತ್ತ ಕೂತಿರುತ್ತಿದ್ದ. ನಾನು ಕೊಂದೆನೆ? ಇದೊಂದು ತಿಳಿದರೆ ಸಾಕಿತ್ತು ಅವನಿಗೆ. ಕೊಂದಿದ್ದರೆ ಕೊಂದೆ ಎಂದಾದರೂ ತಿಳಿಯಲಿ.

ತಿಳಿಯುವ ದಾರಿ ಒಂದೇ. ಪೂರ್ವ ಕರಾವಳಿಯ ಗುಜರಿಗಳನ್ನು ಸುತ್ತಿ ಮಾಲು ತರುವ ದಳ್ಳಾಳಿಗೆ ಅವನು ಮೂರು ಚುಕ್ಕೆಯ ಗುರುತು ಹೇಳಿಟ್ಟ. ಬೇಸಗೆ ಮುಗಿಯುವ ಹೊತ್ತಿಗೆ ಆ ಆಕ್ಸಲ್ಲು, ಹತ್ತು ಹಲವು ಆಕ್ಸಲ್ಲುಗಳ ರಾಶಿಯಲ್ಲಿ, ಮಣ್ಣು ಮೆತ್ತಿಕೊಂಡು ಅವನ ಮಳಿಗೆಯ ಮುಂದೆ ಬಂದು ಬಿತ್ತು.

ಶಾಫ್ಟಿನ ಒಂದು ಮುರುಕು ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ಚಾನ್‌ದೋ ಷಟರ್ ಎಳೆದು ಒಬ್ಬನೇ ಕೂತ. ಮೊದಲು ಮೂರು ಚುಕ್ಕೆ ನೋಡಿದ. ಆಮೇಲೆ ಸೀಮೆಎಣ್ಣೆ ಹಾಕಿ ಶಾಫ್ಟಿನ ಬಾಯಿ ತೊಳೆದ. ಅಲ್ಲಿ, ಶಾಫ್ಟು ಹೌಸಿಂಗಿನೊಳಗೆ ಹೊಗುವ ಸಂದಿಯಲ್ಲಿ, ಕಪ್ಪಾದ ಬಳೆಯೊಂದು ಬಿಗಿದುಕೊಂಡಿತ್ತು. ಅಂಥ ಭಾಗ ಯಾವ ಲಾರಿಯಲ್ಲೂ ಇಲ್ಲ. ಚಾಕುವಿನ ಮೊನೆಯಿಂದ ಕೆರೆದ. ದಾರ. ಸುತ್ತಿ ಸುತ್ತಿ, ಬಿಸಿಗೆ ಕರಗಿ, ಮೇಲೆ ಮತ್ತೆ ಸುತ್ತಿ, ಕಲ್ಲಿನಂತಾದ ನೈಲಾನ್ ದಾರ. ಅದರ ಕೆಲವು ಎಳೆ ಸೀಲಿನ ತುಟಿಯೊಳಗೆ ನುಗ್ಗಿ ರಬ್ಬರನ್ನು ಗರಗಸದಂತೆ ಕೊಯ್ದಿದ್ದವು. ಸೀಲಿನ ಹೊರಸುತ್ತು ಮಾತ್ರ ಅವನು ಕೂರಿಸಿದ ಹಾಗೆಯೇ ಕೂತಿತ್ತು. ನೆಟ್ಟಗೆ, ಸುತ್ತಲೂ ಒಂದೇ ಸಮ.

"ನಾನಲ್ಲ," ಎಂದ ಚಾನ್‌ದೋ, ಗಟ್ಟಿಯಾಗಿ. ಎದ್ದು ನಿಂತ. ನಕ್ಕನೂ ಹೌದು. "ನಾನಲ್ಲವೋ ಯೋಂಗ್‌ಬೇ! ನನ್ನ ಕೈ ಅಲ್ಲ!"

ಮಳಿಗೆಯೊಳಗೆ ಎರಡು ಸುತ್ತು ಹಾಕಿ ಬಂದು ಮತ್ತೆ ಕೂತು, ಬಳೆಯನ್ನು ಪೂರ್ತಿ ಬಿಡಿಸಿದ. ಒಳಗಿನ ಸುತ್ತುಗಳಿಗೆ ಬಿಸಿ ಅಷ್ಟಾಗಿ ತಾಗಿರಲಿಲ್ಲ, ಇನ್ನೂ ಬಿಳಿಯಾಗಿದ್ದವು. ಅಲ್ಲೊಂದು ಗಂಟು ಸಿಕ್ಕಿತು. ಬಲೆಗಂಟು. ತಿರುಗುಮುರುಗಾದ, ಎಡಗೈಯ ಗಂಟು. ಗಂಟಿನೊಳಗೆ ಒಣಮೀನಿನ ಬಾಲದ ಒಂದು ಚೂರು ಸಿಕ್ಕಿಕೊಂಡಿತ್ತು.

ಆ ಹೊಟ್ಟೆಬಾಕನ ಕೈಗೆ ಸಿಗದ ಕಡೆ ಕಟ್ತೀನಿ ಎಂದಿದ್ದಳಲ್ಲ. ಲಾರಿಯ ಹೊಟ್ಟೆಯಡಿ, ಶಾಫ್ಟಿನ ಮೇಲಿನ ಅಡ್ಡಪಟ್ಟಿಗೆ ಕಟ್ಟಿರಬೇಕು. ಹತ್ತಿಯ ದಾರ ಮಳೆಗೆ ಕೊಳೆಯುತ್ತದೆ ಎಂದು ಬಲೆಯ ದಾರ ಕಟ್ಟಿದ್ದಳು. ನೈಲಾನ್ ಅಂದ್ರೆ ಆಯಸ್ಸು ಗಟ್ಟಿ. ಹಾಗೆಂದವನು ಯಾರು? ಮೀನು ಉದುರಿರಬೇಕು, ಲಡಿ ಜೋತುಬಿದ್ದಿರಬೇಕು, ತಿರುಗುವ ಶಾಫ್ಟು ಅದರ ತುದಿಯನ್ನು ಹಿಡಿದಿರಬೇಕು. ಹತ್ತಿಯದಾಗಿದ್ದರೆ ಚಿಂದಿಯಾಗಿ ಗಾಳಿಗೆ ಹೋಗುತ್ತಿತ್ತು. ಚಾನ್‌ದೋ ಆ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಹೋ ಎಂದು ಅತ್ತ. ಯೋಂಗ್‌ಬೇ ಸತ್ತಾಗ ಅಳಬೇಡ ಎನ್ನಿಸಿಕೊಂಡಿದ್ದೆಲ್ಲ ಅವತ್ತು ಹೊರಗೆ ಬಂತು.

ಸುಗ್ಗಿಯ ಹುಣ್ಣಿಮೆಯ ಚುಸೊಕ್ ಹಬ್ಬಕ್ಕೆ ಯಾರೂ ಕರೆಯದಿದ್ದರೂ ಅವನು ಊರಿಗೆ ಹೊರಟ. ಗಂಟು ಕೋಟಿನ ಜೇಬಿನಲ್ಲಿತ್ತು. ಹೇಳಬೇಕು ಎಂದುಕೊಂಡೇ ಹೊರಟಿದ್ದ. ಒಬ್ಬಳೇ ತಂಗಿ, ಅವಳೂ ಮುಖ ತಿರುಗಿಸಿದರೆ ಬದುಕಿ ಯಾರಿಗೆ ಏನಾಗಬೇಕು? ಹೇಳಿದರೆ ಅವಳ ಸಿಟ್ಟು ಇಳಿಯುತ್ತದೆ. ಸಿಟ್ಟು ಇಳಿದ ಮೇಲೆ ಆ ಜಾಗದಲ್ಲಿ ಏನು ಬಂದು ಕೂರುತ್ತದೆ ಎಂಬುದನ್ನು ಯೋಚಿಸಲು ಅವನಿಗೆ ಭಯ. ಬಸ್ಸು ಘಾಟಿಯ ತಿರುವುಗಳನ್ನು ಇಳಿಯುವಾಗ ಅಭ್ಯಾಸಬಲದಿಂದ ಹಿಂದಿನ ಆಕ್ಸಲ್ಲಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದ. ಸದ್ದು ಸರಿಯಾಗಿತ್ತು.

ಮಾಲ್‌ಸುನ್‌ಳ ಅಂಗಳದಲ್ಲಿ ಒಂದು ಪುಟ್ಟ ನೀಲಿ ಲಾರಿ ನಿಂತಿತ್ತು. ಸೈನ್ಯದಿಂದ ಬಿಡುಗಡೆಯಾಗಿ ಬಂದ ಜಿನ್‌ಗು ಹೊಸದಾಗಿ ಕೊಂಡದ್ದು. ಹುಡುಗ ಅಪ್ಪನ ಮುಖವನ್ನೇ ಹೊತ್ತು ಬಾಗಿಲಲ್ಲಿ ನಿಂತಿದ್ದ. "ಬನ್ನಿ ಮಾವ" ಎಂದ, ಅಮ್ಮನ ಕಡೆ ನೋಡಿಕೊಂಡೇ.

ಮಾಲ್‌ಸುನ್ ಹಿರಿಯರ ಎಡೆಯ ಮುಂದೆ ಕೂತಿದ್ದಳು. ಹಬ್ಬದ ಅಕ್ಕಿ ಕಡುಬು, ಹಣ್ಣು, ಒಣಮೀನು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನು ಯೋಂಗ್‌ಬೇಯ ಫೋಟೋಗೆ ಅಡ್ಡಬಿದ್ದು ಎದ್ದ ಮೇಲೆ ಕೇಳಿದಳು.

"ಆಕ್ಸಲ್ಲು ತರಿಸಿ ಬಿಚ್ಚಿದ್ಯಂತೆ. ದಳ್ಳಾಳಿ ಹೇಳ್ದ. ಏನಿತ್ತು?"

ಚಾನ್‌ದೋನ ಕೈ ಜೇಬಿಗೆ ಹೋಯಿತು. ಗಂಟು ಬೆರಳಿಗೆ ತಾಗಿತು.

"ತಂಗಿ..."

"ನಾನೊಂದು ಮಾತು ಹೇಳ್ತೀನಿ, ಆಮೇಲೆ ನೀನು ಹೇಳು," ಎಂದಳು ಅವಳು. ಕಣ್ಣು ಒಣಗಿತ್ತು. "ಪ್ರತಿ ಹೊಸ ವರ್ಷಕ್ಕೂ ಆ ಲಾರಿ ಕೆಳಗೆ ಅಂಗಾತ ಮಲಗಿ, ಮಂಜಿರ್ಲಿ ಕೆಸರಿರ್ಲಿ, ಹೊಸ ದಾರ ಕಟ್ತಿದ್ದೆ. ನೈಲಾನ್ ದಾರ. ಇವರಿಗೂ ಹೇಳಿರ್ಲಿಲ್ಲ. ಅದರ ಬಲದಿಂದಲೇ ಅಷ್ಟು ವರ್ಷ ಆ ಘಾಟಿ ಹತ್ತಿ ಇಳಿದ್ರು ಇವರು. ಇವತ್ತು ನಂಗೆ ಒಂದು ತುತ್ತು ಅನ್ನ ಗಂಟಲಲ್ಲಿ ಇಳೀತಿದೆ ಅಂದ್ರೆ ಅದಕ್ಕೇ. ನಾನು ಮಾಡೋದನ್ನ ಮಾಡಿದ್ದೆ ಅಂತ. ನನ್ನ ಕಡೆಯಿಂದ ಕಡಿಮೆಯಾಗ್ಲಿಲ್ಲ ಅಂತ. ಈಗ ಹೇಳು. ಏನಿತ್ತು?"

ಚಾನ್‌ದೋ ಜೇಬಿನಿಂದ ಕೈ ತೆಗೆದ. ಕೈ ಬರಿದಾಗಿತ್ತು.

"ಸೀಲು ಓರೆಯಾಗಿತ್ತು," ಎಂದ. "ನಾನು ಕೂರಿಸಿದ್ದು."

ಅವಳು ತಲೆಯಾಡಿಸಿದಳು, ಗೊತ್ತಿದ್ದದ್ದನ್ನೇ ಕೇಳಿದವಳ ಹಾಗೆ. "ಊಟ ಮಾಡ್ಕೊಂಡು ಹೋಗು. ಹಬ್ಬದ ದಿನ ಹಸಿದವರನ್ನ ಕಳಿಸ್ಬಾರ್ದು. ಇನ್ನು ಮೇಲೆ ಬರ್ಬೇಡ."

ಎರಡು ತುತ್ತು ತಿಂದು ಎದ್ದ. ಅಂಗಳಕ್ಕೆ ಬಂದವನು ನೀಲಿ ಲಾರಿಯ ಪಕ್ಕ ನಿಂತ. ಡ್ರೈವರ್ ಸೀಟಿನ ಮುಂದೆ ಮೀನು ತೂಗುತ್ತಿರಲಿಲ್ಲ. ಕೋಟು ಬಿಚ್ಚದೆ, ಹಬ್ಬದ ಬಟ್ಟೆಯಲ್ಲೇ, ನೆಲಕ್ಕೆ ಬೆನ್ನು ಕೊಟ್ಟು ಲಾರಿಯ ಕೆಳಗೆ ಸರಿದ. ಅಲ್ಲಿತ್ತು. ಶಾಫ್ಟಿನ ಮೇಲೆ ಅಡ್ಡಪಟ್ಟಿಗೆ ಕಟ್ಟಿದ ಒಣಮೀನು, ಬಾಯಿ ತೆರೆದು ಅವನನ್ನೇ ನೋಡುತ್ತಿತ್ತು. ಮೈತುಂಬ ಬಿಳಿ ನೈಲಾನ್ ದಾರ. ಅಪ್ಪನಿಗಿಂತ ಮಗನಿಗೆ ಎರಡು ಲಡಿ ಹೆಚ್ಚು.

ಅವನು ಚಾಕು ತೆಗೆದು ಕೊಯ್ಯತೊಡಗಿದ. ಎಡಚಿಯ ಗಂಟು, ಬಿಚ್ಚುವ ಮಾತೇ ಇಲ್ಲ. ಪಕ್ಕದಲ್ಲಿ ಜಿನ್‌ಗುವಿನ ಮುಖ ನೆಲದ ಮಟ್ಟಕ್ಕೆ ಬಂತು.

"ಮಾವ, ಏನ್ಮಾಡ್ತಿದೀರಾ? ಅಮ್ಮ ಕಟ್ಟಿದ್ದು ಅದು!"

"ಮೆಲ್ಲಗೆ ಮಾತಾಡು. ಮೀನನ್ನ ಮೇಲೆ ನಿನ್ನ ಕಣ್ಣೆದುರಿಗೆ ಕಟ್ಕೋ. ಕೆಳಗೆ ದಾರ ಬೇಡ. ಯಾವತ್ತೂ ಬೇಡ. ಯಾಕೆ ಅಂತ ಅಮ್ಮನ ಮುಂದೆ ಕೇಳ್ಬೇಡ."

ಜಿನ್‌ಗು ಸೈನ್ಯದಲ್ಲಿ ಲಾರಿ ಓಡಿಸಿದವನು. ಅವನು ದಾರವನ್ನು ನೋಡಿದ, ಅದರ ಕೆಳಗೆ ಒಂದು ಗೇಣು ದೂರದಲ್ಲಿದ್ದ ಶಾಫ್ಟನ್ನು ನೋಡಿದ, ಮಾವನ ಮುಖವನ್ನು ನೋಡಿದ.

"ಅಪ್ಪನ ಲಾರೀಲೂ..." ಎಂದ.

"ಸೀಲು ಓರೆಯಾಗಿತ್ತು," ಎಂದ ಚಾನ್‌ದೋ. "ನಾನು ಕೂರಿಸಿದ್ದು. ತಿಳೀತಾ?"

ಅಷ್ಟರಲ್ಲಿ ಮಾಲ್‌ಸುನ್ ಅಂಗಳಕ್ಕೆ ಬಂದಳು. ಲಾರಿಯ ಕೆಳಗಿಂದ ಈಚೆ ಬರುತ್ತಿದ್ದ ಅಣ್ಣನನ್ನು ಕಂಡಳು. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕತ್ತರಿಸಿದ ದಾರ, ಎದೆಯ ಮೇಲೆ ಮೀನು. ಅವಳ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು.

"ದಾರ ಕತ್ತರಿಸ್ದ! ಅಯ್ಯೋ, ನನ್ನ ಮಗನ ಆಯಸ್ಸು ಕತ್ತರಿಸ್ದ! ಗಂಡನ್ನ ತಿಂದದ್ದು ಸಾಲ್ದೇನೋ ನಿಂಗೆ? ಅಣ್ಣನೇನೋ ನೀನು? ಯಾವ ಜನ್ಮದ ಹಗೆಯೋ?"

ಅವಳು ಬಂದು ಅವನ ಎದೆಗೆ, ಮುಖಕ್ಕೆ ಹೊಡೆದಳು. ಎಡಗೈಯಿಂದ. ಅವನು ಕೈ ಅಡ್ಡ ಹಿಡಿಯಲಿಲ್ಲ. ಜೇಬಿನಲ್ಲಿದ್ದ ಹಳೆಯ ಗಂಟನ್ನೂ ಕೈಯಲ್ಲಿದ್ದ ಹೊಸ ದಾರವನ್ನೂ ಒಟ್ಟಿಗೆ ಹಿಡಿದು ತೋರಿಸಿದ್ದರೆ ಆ ಏಟು ಅಲ್ಲಿಗೇ ನಿಲ್ಲುತ್ತಿತ್ತು. ಅವಳೂ ಅಲ್ಲಿಗೇ ನಿಲ್ಲುತ್ತಿದ್ದಳು.

ಅವಳು ಮಗನ ಕಡೆ ತಿರುಗಿದಳು. "ನೋಡ್ತಾ ನಿಂತಿದೀಯಲ್ಲೋ! ಕೇಳು ಇವನ್ನ! ಯಾಕೆ ಕತ್ತರಿಸ್ದೆ ಅಂತ ಕೇಳು!"

ಜಿನ್‌ಗು ಮಾವನನ್ನು ನೋಡಿದ. ಅಮ್ಮನನ್ನು ನೋಡಿದ. ಆಮೇಲೆ ಮುಂದೆ ಬಂದು ಮಾವನ ಕೊರಳಪಟ್ಟಿ ಹಿಡಿದು ಬಾಗಿಲ ತನಕ ದಬ್ಬಿಕೊಂಡು ಹೋದ.

"ನಮ್ಮಪ್ಪನ್ನ ಕೊಂದೋನು ನೀನು," ಎಂದ, ಇಡೀ ಬೀದಿಗೆ ಕೇಳುವ ಹಾಗೆ. "ಇನ್ನೊಂದ್ಸಲ ಈ ಮನೆ ಹೊಸಿಲು ತುಳಿದ್ರೆ ಕಾಲು ಮುರೀತೀನಿ."

ಕೊರಳಪಟ್ಟಿ ಹಿಡಿದ ಆ ಕೈ ಮಾತ್ರ ಬಿಡಲೊಲ್ಲದೆ ಹಿಡಿದೇ ಇತ್ತು. ಚಾನ್‌ದೋ ಅದರ ಮೇಲೆ ತನ್ನ ಕೈಯಿಟ್ಟು, ಒಂದೊಂದೇ ಬೆರಳು ಬಿಡಿಸಿಕೊಂಡ. ಮೀನನ್ನು ಅವನ ಕೈಗೆ ಕೊಟ್ಟು, ದಾರವನ್ನು ಜೇಬಿಗೆ ಹಾಕಿಕೊಂಡು, ಬಸ್ ನಿಲ್ದಾಣದ ಕಡೆ ನಡೆದ.